ಹೊರ್ಮುಜಿನಲ್ಲಿ ಸತ್ತ ಸೆಟ್ಟಿ

ತೊಗಟೆಯ ಮೇಲಿನ ಒರಟು ಸಿಪ್ಪೆಯನ್ನು ಉಗುರಿನಿಂದ ಕೆರೆದು ತೆಗೆದೆ. ಒಳಗಿನ ಹಸಿ ಭಾಗವನ್ನು ಕಲ್ಲಿನಲ್ಲಿ ಜಜ್ಜಿ, ಬೆಳ್ಳುಳ್ಳಿ, ಕಾಳುಮೆಣಸು, ಓಮ ಸೇರಿಸಿ ಅರೆದೆ. ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಗೆ ಕುಡಿಯುವ ಪಾಲೆ ಮರದ ತೊಗಟೆಯ ಕಷಾಯ ಸಿದ್ಧವಾಗುವ ತನಕ ಯಾರೂ ಮಾತಾಡಬಾರದು ಎಂಬುದು ಭೋಜ ಮಾವನ ಕಟ್ಟಳೆ. ಅವರು ನನ್ನ ಅಕ್ಕ ತನ್ವಿಯ ಮಾವ, ಮೊಮ್ಮಗುವನ್ನು ನೋಡಲು ಉಡುಪಿಯಿಂದ ಬಂದವರು. ನಾನು ಅಕ್ಕನ ಬಾಣಂತನಕ್ಕೆ ಬಂದವಳು. ಅಮೆರಿಕದ ಲಾಸ್ ಆಲ್ಟೋಸಿನ ಆ ಅಡುಗೆಮನೆಯಲ್ಲಿ ಮಾವ ಸ್ಟೂಲಿನ ಮೇಲೆ ಕೂತು, ಸಾಕು, ಇನ್ನೂ ಸ್ವಲ್ಪ ಎಂದು ಕೈಯಲ್ಲೇ ಹೇಳುತ್ತಿದ್ದರು.

ತೊಗಟೆ ತಂದುಕೊಟ್ಟವನು ಪ್ರದ್ಯುಮ್ನಣ್ಣ, ಮಾವನ ತಂಗಿಯ ಮಗ. ಮಾವ ವಾರದಿಂದ ಅವನನ್ನು ಪೀಡಿಸಿದ್ದರು. 'ಫ್ರೆಂಡು ಊರಿಂದ ತಂದು ಫ್ರೀಜರಲ್ಲಿ ಇಟ್ಟಿದ್ದ' ಎನ್ನುತ್ತ ಹಿಂದಿನ ಸಂಜೆ ಕವರು ಕೊಟ್ಟು ಹೋಗಿದ್ದ. ಕವರು ತಣ್ಣಗಿರಲಿಲ್ಲ. ತೊಗಟೆಯ ಅಂಚು ಚೂರಿಯಿಂದ ಕತ್ತರಿಸಿದಷ್ಟು ನೇರವಾಗಿತ್ತು. ಪಾಲೆ ಮರಕ್ಕೆ ಕಬ್ಬಿಣ ತಾಗಿಸುವಂತಿಲ್ಲ, ಕಲ್ಲಿನಿಂದಲೇ ಕೆತ್ತಬೇಕು. ನಾನು ಆ ಅಂಚಿನ ಮೇಲೆ ಬೆರಳಿಟ್ಟು ಮಾವನಿಗೆ ತೋರಿಸಿದೆ. ಅವರು ನಕ್ಕು, ಅರೆಯುತ್ತಿರು ಎಂದು ಸನ್ನೆ ಮಾಡಿದರು.

ಕಾಯಿಸಿದ ಬೆಣಚುಕಲ್ಲನ್ನು ಪಾತ್ರೆಗೆ ಹಾಕಿದಾಗ ಚುಂಯ್ ಎಂದಿತು. ಆಮೇಲೆ ಮಾವ ಬಾಯಿಬಿಟ್ಟರು.

"ಈಗ ಊರಲ್ಲಿ ಕಲ್ಲು ಹಿಡಿಯುವ ಮಕ್ಕಳು ಎಲ್ಲಿ ಉಂಟು ಮಾರಾಯ್ತಿ? ಎಲ್ಲ ಚೂರಿಯವರೇ!"

ಲೋಟವನ್ನು ಒಂದೇ ಉಸಿರಿಗೆ ಎತ್ತಿದರು. ಅವರ ಮಗ, ನನ್ನ ಅಜಿತ್ ಭಾವ, ತುಟಿಗೆ ತಾಗಿಸಿ ಸಿಂಕಿಗೆ ಓಡಿದರು. "ಅಪ್ಪಾ, ಇದನ್ನ ಕುಡಿಯೋಕಾಗಲ್ಲ!" ಮಗುವಿಗೆ ಹಾಲೂಡಿಸುವ ಅಕ್ಕನಿಗೆ ಕೊಡಲಿಲ್ಲ. ನಾನು ನಾಲಿಗೆಗೆ ಮುಟ್ಟಿಸಿದೆ. ವಿಪರೀತ ಕಹಿ. ಪಾಲೆಯೂ ಕಹಿಯೇ.

"ಪ್ರದ್ಯುಮ್ನಣ್ಣ ತನಗೂ ಒಂದು ಲೋಟ ಇಡಲಿಕ್ಕೆ ಹೇಳಿದ್ದಾರೆ" ಎಂದೆ.

"ಅವನು ನಾಟಕದ ಪರದೆ ಕಟ್ಟಿ ಬರುವಾಗ ಇದು ಹಳಸಿ ಹೋಗ್ತದೆ" ಎಂದು ಮಾವ ಅದನ್ನೂ ಕುಡಿದರು. ಅಕ್ಕ ಕಲಿಸಿದಂತೆ ನಾನು ಕೆರೆದ ಸಿಪ್ಪೆ, ಚರಟ ಎಲ್ಲವನ್ನೂ ಸಿಂಕಿನಡಿಯ ಅರೆಯುವ ಮಿಷನ್ನಿಗೆ ಹಾಕಿ ನೀರು ಬಿಟ್ಟೆ.

ಮಧ್ಯಾಹ್ನ ಪಾಲೋ ಆಲ್ಟೋದ ಒಂದು ಸಭಾಂಗಣದಲ್ಲಿ ನಮ್ಮ ಊರಿನವರ ಆಟಿ ಕಾರ್ಯಕ್ರಮ. ನಾಟಕ ಬರೆದವನೂ ಪ್ರದ್ಯುಮ್ನಣ್ಣನೇ. ಏಳುನೂರು ವರ್ಷದ ಹಿಂದೆ ಬಾರ್ಕೂರಿನ ಸೆಟ್ಟಿಯೊಬ್ಬ ಅಕ್ಕಿ, ಮೆಣಸು ಮಾರಲು ಕಡಲು ದಾಟಿ ಹೊರ್ಮುಜ್ ಪಟ್ಟಣಕ್ಕೆ ಹೋಗುತ್ತಾನೆ. ಆಟಿ ಅಮಾವಾಸ್ಯೆಯ ದಿನ ಕಷಾಯ ಕುಡಿದು ಸಾಯುತ್ತಾನೆ. ಆ ಪಟ್ಟಣದ ಕೊತ್ವಾಲ ಕಷಾಯ ಕಾಸಿದ ಅಡುಗೆಯವಳನ್ನು ಹಿಡಿಯುತ್ತಾನೆ, ಸೆಟ್ಟಿಯ ಮಗನನ್ನು ಹಿಡಿಯುತ್ತಾನೆ. ಅಲ್ಲಿ ಅಪ್ಪನ ಆಸ್ತಿ ಮಗನಿಗೆ. ನಮ್ಮಲ್ಲಿ ಆಗ ಅಳಿಯಕಟ್ಟು, ಸೆಟ್ಟಿಯ ಹಡಗು ಸೇರುವುದು ಅವನ ತಂಗಿಯ ಮಗನಿಗೆ. ಪರದೇಶದ ಕೊತ್ವಾಲನಿಗೆ ಇದು ಹೊಳೆಯುವುದೇ ಇಲ್ಲ. ಕೊಲೆಗಾರ ಯಾರೆಂದು ಕೊನೆಗೆ ಪ್ರೇಕ್ಷಕರು ಹೇಳಬೇಕು.

ಸೆಟ್ಟಿಯಾಗಿ ಭೋಜ ಮಾವ. ಕೊತ್ವಾಲ ಅಜಿತ್ ಭಾವ. ಸೆಟ್ಟಿಯ ಅಳಿಯ ಪ್ರದ್ಯುಮ್ನಣ್ಣ. ಅಡುಗೆಯವಳ ಪಾತ್ರಕ್ಕೆ ಯಾರೂ ಸಿಗದೆ ನನ್ನನ್ನು ನಿಲ್ಲಿಸಿದ್ದರು. ಒಂದೇ ಮಾತು ಸಾಕು, ನಿಶ್ಮಿತಾ, ಎಂದಿದ್ದರು.

ಬಣ್ಣದ ಕೋಣೆಯಲ್ಲಿ ಮಾವ ಬಕೆಟ್ಟಿಗೆ ವಾಂತಿ ಮಾಡಿದರು.

"ಕಷಾಯದ ಮೇಲೆ ಉಂಡ ಮೆಂತೆ ಗಂಜಿ ಹೆಚ್ಚಾಯ್ತು ಕಾಣ್ತದೆ" ಎಂದು ಬಾಯಿ ಒರೆಸಿಕೊಂಡರು. "ಲೈಟೆಲ್ಲ ಹಳದಿ ಮಾಡಿದ್ದು ಯಾರು? ಸೆಟ್ಟಿಗೆ ಮದುವೆಯಾ ಇವತ್ತು?"

ಲೈಟು ಇನ್ನೂ ಹಾಕಿರಲಿಲ್ಲ. ಕಿಟಕಿಯ ಬಿಸಿಲು ಬಿಳಿಯಾಗಿಯೇ ಇತ್ತು. ಬೇಡ ಮಾವ, ಮನೆಗೆ ಹೋಗುವಾ ಎಂದೆ. ಅಷ್ಟರಲ್ಲಿ ಚೆಂಡೆ ಶುರುವಾಯಿತು.

ಸೆಟ್ಟಿ ಸುಳ್ಳು ಕಷಾಯ ಕುಡಿದ, ಬಿದ್ದ. ಚಪ್ಪಾಳೆ ಬಿತ್ತು. ನಾಟಕದ ಪ್ರಕಾರ ಹೆಣ ರಂಗದ ಮೇಲೇ ಅಲುಗಾಡದೆ ಮಲಗಿರಬೇಕು, ನಾನು ಅದರ ಪಕ್ಕ ಮೊಣಕಾಲೂರಿ ಕೂತಿರಬೇಕು. ಮಾವನ ಹಣೆಯಲ್ಲಿ ಬೆವರು ಸಾಲುಸಾಲಾಗಿ ಇಳಿಯುತ್ತಿತ್ತು. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಕೊತ್ವಾಲ ಹಗ್ಗ ಸುತ್ತಿದ ಕೈಯಿಂದಲೇ ಅವರ ಮಣಿಕಟ್ಟು ಹಿಡಿದೆ. ಒಂದು ಬಡಿತ. ಇನ್ನೊಂದಕ್ಕೆ ಕಾದೆ, ಕಾದೆ.

"ಮಾವಾ" ಎಂದೆ.

"ಡೈಲಾಗು ಹೇಳು" ಎಂದು ಭಾವ ಹಲ್ಲು ಕಚ್ಚಿ ಪಿಸುಗುಟ್ಟಿದರು. ಮತ್ತೆ ಸಭೆಗೆ ತಿರುಗಿ, "ಮಹಾಜನಗಳೇ, ಕೊಂದವರು ಯಾರು?" ಎಂದು ಗುಡುಗಿದರು.

"ಅಳಿಯ! ಅಳಿಯ!" ಸಭೆಗೆ ಸಭೆಯೇ ಕೂಗಿತು. ಹಿಂದಿನ ಸಾಲಿನಿಂದ ಯಾರೋ, "ಹೇ ಪ್ರದ್ಯುಮ್ನ, ಹಡಗು ಸಿಕ್ಕಿತಾ ಮಾರಾಯ?" ಎಂದರು. ನಗೆಯೋ ನಗೆ. ಪ್ರದ್ಯುಮ್ನಣ್ಣ ಮೀಸೆ ತಿರುವಿ ಬಗ್ಗಿ ನಮಸ್ಕರಿಸಿದ.

"ಭಾವಾ, ನಿಲ್ಲಿಸಿ! ಮಾವ ಉಸಿರಾಡ್ತಾ ಇಲ್ಲ ಸರಿಯಾಗಿ, ನಿಲ್ಲಿಸಿ!" ನನ್ನ ಗಂಟಲಿನಿಂದ ಅಷ್ಟು ದೊಡ್ಡ ಸ್ವರ ಬಂದದ್ದು ಅದೇ ಮೊದಲು. ಅದಕ್ಕೂ ಚಪ್ಪಾಳೆ ಬಿತ್ತು. ಭಾವ ಬಗ್ಗಿ ಅಪ್ಪನ ಮುಖ ನೋಡಿದ ಮೇಲೆಯೇ ಅದು ನಿಂತದ್ದು.

ಆಸ್ಪತ್ರೆಯಲ್ಲಿ ಮಾವನನ್ನು ಗಾಜಿನ ಬಾಗಿಲಿನೊಳಗೆ ಕರೆದೊಯ್ದರು. ಡಾಕ್ಟರಮ್ಮ ಹೊರಗೆ ಬಂದು ಭಾವನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. ನನಗೆ ತಿಳಿದದ್ದು ಅವರ ಹುಬ್ಬು ಮಾತ್ರ. ಅವರು ಹೋದ ಮೇಲೆ ಕೇಳಿದೆ.

"ಹಾರ್ಟು ತುಂಬ ಸ್ಲೋ ಆಗ್ತಿದೆಯಂತೆ" ಎಂದರು ಭಾವ. ಕೊತ್ವಾಲನ ನಿಲುವಂಗಿಯನ್ನು ಇನ್ನೂ ಕಳಚಿರಲಿಲ್ಲ. "ಪಾಲೆ ಅಂದೆ. ಫೋನಲ್ಲಿ ಪಾಲೆ ಮರದ ಫೋಟೊ ತೋರಿಸಿದೆ. ಅದರಿಂದ ಹೀಗಾಗಲ್ಲ, ಬೇರೆ ಯಾವುದೋ ಗಿಡ ಅಂತಾರೆ. ಒಂದೊಂದು ಗಿಡಕ್ಕೆ ಒಂದೊಂದು ಔಷಧಿಯಂತೆ. ಗೊತ್ತಾದರೆ ತಕ್ಷಣ ಕೊಡಬಹುದು, ಇಲ್ಲದಿದ್ರೆ ಊಹೆ ಮೇಲೆ... ಪ್ರದ್ಯುಮ್ನ, ನಿನ್ನ ಫ್ರೆಂಡಿಗೆ ಫೋನು ಮಾಡೋ."

"ಮಾಡ್ತಾ ಇದ್ದೇನೆ. ಎತ್ತುದಿಲ್ಲ ಅವನು."

ಅವನ ಫೋನಿನ ಪರದೆ ಕಪ್ಪಾಗಿತ್ತು. ಭಾವ ಮತ್ತೆ ಡಾಕ್ಟರನ್ನು ಹುಡುಕಿ ಹೋದರು. ನಾನು ಪ್ರದ್ಯುಮ್ನಣ್ಣನ ಪಕ್ಕದ ಕುರ್ಚಿಯಲ್ಲಿ ಕೂತೆ.

"ಅದು ಫ್ರೀಜರಿನದ್ದಲ್ಲ, ಅಲ್ವಾ?"

ಅವನು ಫೋನನ್ನು ತೊಡೆಯ ಮೇಲೆ ಮಗುಚಿದ. "ನೀನು ಅಡುಗೆಯವಳ ಪಾರ್ಟು ಮುಗಿಸಿಲ್ವಾ ಇನ್ನೂ?"

"ಅಣ್ಣ..."

"ಹಾಲಲ್ಲಿ ಎಲ್ಲರೂ ಎಂತ ಕೂಗಿದ್ರು, ಕೇಳಿದ್ಯಲ್ಲ? ಅಳಿಯ, ಅಳಿಯ ಅಂತ. ಅರ್ಧ ಜನ ವೀಡಿಯೊ ಮಾಡಿದ್ದಾರೆ. ಕಷಾಯದಲ್ಲಿ ಮಾವನನ್ನು ಕೊಲ್ಲುವ ನಾಟಕ ಬರೆದವನು ನಾನು. ತೊಗಟೆ ತಂದವನೂ ನಾನೇ ಅಂದ್ರೆ ಇಲ್ಲಿಯ ಪೊಲೀಸರು ಎಂತ ಮಾಡ್ತಾರೆ? ಬಾಯಿ ಬಿಟ್ರೆ ನನ್ನ ಕಥೆ ಮುಗೀತು." ಸ್ವರ ತಗ್ಗಿಸಿದ. "ಬೇಯಿಸಿದ್ದು ನೀನಲ್ವಾ? ನಿನ್ನನ್ನೂ ಬಿಡುದಿಲ್ಲ. ಸುಮ್ಮನೆ ಕೂತ್ಕೊ."

ಕೊಲ್ಲಲು ತಂದವನು ಅದೇ ಕಷಾಯದಲ್ಲಿ ತನಗೂ ಪಾಲು ಕೇಳುವುದಿಲ್ಲ. ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ, ಯಾವ ಪೊಲೀಸರ ಮುಂದೆ ಬೇಕಾದರೂ ಹೇಳುತ್ತೇನೆ ಎಂದೆ. ಅವನ ಅಂಟಿಸಿದ ಮೀಸೆಯ ಒಂದು ತುದಿ ಬಿಟ್ಟುಕೊಂಡು ತುಟಿಯ ಮೇಲೆ ನೇತಾಡುತ್ತಿತ್ತು.

ಭಾವ ಓಡಿ ಬಂದರು. ಹಿಂದೆಯೇ ಡಾಕ್ಟರಮ್ಮ. ಒಳಗೆ ಯಂತ್ರವೊಂದು ಬಿಡದೆ ಕೂಗುತ್ತಿತ್ತು.

"ಭಾವ, ಅದು ಊರಿಂದ ಬಂದದ್ದಲ್ಲ" ಎಂದೆ. "ಪ್ರದ್ಯುಮ್ನಣ್ಣ ಇಲ್ಲೇ ಎಲ್ಲಿಯೋ ಕಡಿದದ್ದು. ಕೇಳಿ ಅವರನ್ನು."

ಭಾವ ನನ್ನನ್ನು ನೋಡಿದರು, ಅವನನ್ನು ನೋಡಿದರು. "ಇವಳು ಏನೋ ಹೇಳ್ತಿದ್ದಾಳಲ್ಲ ಪ್ರದ್ಯುಮ್ನ?" ಎಂದರು. ಪ್ರಶ್ನೆ ಅರ್ಧಕ್ಕೇ ಮೆತ್ತಗಾಯಿತು. ಒಟ್ಟಿಗೆ ಬೆಳೆದವರು ಅವರಿಬ್ಬರು. ಕೇಳಿದರೆ ಬರುವ ಉತ್ತರಕ್ಕೆ ಭಾವ ಹೆದರಿದ್ದರು.

ಪ್ರದ್ಯುಮ್ನಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಡಾಕ್ಟರಮ್ಮ ಒಬ್ಬೊಬ್ಬರ ಬಾಯಿಯನ್ನೂ ನೋಡುತ್ತ ನಿಂತರು. ಒಳಗಿನಿಂದ ಯಾರೋ ಅವರನ್ನು ಕರೆದರು. ಅವರು ಹೋಗಲಿಲ್ಲ, ಇನ್ನೂ ಒಂದು ಕ್ಷಣ ಕಾದರು. ನಾನು ಪ್ರದ್ಯುಮ್ನಣ್ಣನ ಮುಂದೆ ನೆಲದ ಮೇಲೆ ಕೂತೆ. ಅವನ ಮಣಿಕಟ್ಟು ಹಿಡಿದು ಮುಖದಿಂದ ಕೈ ಬಿಡಿಸಲು ನೋಡಿದೆ. ಬಿಡಲಿಲ್ಲ. ಯಾವ ಮರ ಎಂದು ಕೇಳಿದೆ. ಮತ್ತೊಮ್ಮೆ ಕೇಳಿದೆ. ಬಹುಶಃ ಹೆಸರು ಅವನಿಗೂ ಗೊತ್ತಿಲ್ಲ ಎಂದು ಆಗ ಹೊಳೆಯಿತು.

"ಮರದ ಹೆಸರು ಬೇಡ ಅಣ್ಣ. ಎಲ್ಲಿ ಕಡಿದದ್ದು ಅಂತ ಮಾತ್ರ ಹೇಳಿ, ಹೋಗಿ ಅದರ ಫೋಟೊ ತೆಗೆದು ಡಾಕ್ಟರಿಗೆ ತೋರಿಸುವಾ."