ಕುರಾ ಅಜ್ಜಿಯ ಗೋಡೆ

ಡಾಕಾರ್‌ನಲ್ಲಿ ಗೋಡೆಗೆ ಚಿತ್ರ ಬರೆಯುವವರು ಕಳ್ಳರ ಹಾಗೆ ಕತ್ತಲಲ್ಲಿ ಬರುವುದಿಲ್ಲ. ಹಾಡಹಗಲೇ ಬಂದು ಬಾಗಿಲು ತಟ್ಟುತ್ತಾರೆ. ಯಜಮಾನರ ಆರೋಗ್ಯ ಕೇಳುತ್ತಾರೆ, ಮಕ್ಕಳ ಆರೋಗ್ಯ ಕೇಳುತ್ತಾರೆ, ಕಟ್ಟಿದ ಕುರಿಯದ್ದನ್ನೂ ಕೇಳಿ ಮುಗಿಸಿ ಆಮೇಲೆ ಮೆಲ್ಲಗೆ ಗೋಡೆಯ ಮಾತು ಎತ್ತುತ್ತಾರೆ. ಪೆಂದಾ ಜೋಪ್ ಕೂಡ ಕುರಾ ಅಜ್ಜಿಯ ಮನೆಗೆ ಹಾಗೆಯೇ ಬಂದಳು. ಆದರೆ ಲಂಗವನ್ನು ಮೊಣಕಾಲಿನ ತನಕ ಎತ್ತಿ ಹಿಡಿದು ಬರಬೇಕಾಯಿತು. ಮಳೆಗಾಲ ಮುಗಿದರೂ ಕೇರಿಯ ನೀರು ಹೋಗುವ ಮನಸ್ಸು ಮಾಡಿರಲಿಲ್ಲ.

ಆ ನೀರೇ ಪೆಂದಾಳ ನಿದ್ದೆ ಕೆಡಿಸಿತ್ತು. ಅಕ್ಕನ ಮಕ್ಕಳಿಬ್ಬರೂ ಜ್ವರ ಬಂದು ಮಲಗಿದ್ದರು, ಶಾಲೆಯ ಬೆಂಚುಗಳ ಮೇಲೆ ಕಪ್ಪೆಗಳು ಕೂತಿದ್ದವು. ನೀರೆತ್ತುವ ಪಂಪು ಮಾತ್ರ ಪುರಸಭೆಯ ಅಂಗಳದಲ್ಲಿ ಟಾರ್ಪಾಲು ಹೊದ್ದು ಬಿದ್ದಿತ್ತು. ಹೆಂಗಸರು ಗುಂಪು ಕಟ್ಟಿಕೊಂಡು ಹೋದಾಗಲೆಲ್ಲ ಉಪಾಧ್ಯಕ್ಷ ಬಿರಾನ್ ನ್ಜಾಯ್ ನಗುನಗುತ್ತಾ ನಾಳೆ ಕಳಿಸುತ್ತೇನೆ ಎನ್ನುತ್ತಿದ್ದ. ಕುರಾ ಅಜ್ಜಿಯ ಗೋಡೆಯೋ ದೊಡ್ಡ ರಸ್ತೆಗೆ ಮುಖ ಮಾಡಿಕೊಂಡಿತ್ತು. ಪೇಟೆಗೆ ಹೋಗುವ ಪ್ರತಿಯೊಂದು ಬಸ್ಸೂ ಅದರ ಮುಂದೆಯೇ ಹಾಯಬೇಕು.

ಅಜ್ಜಿ ಹುಟ್ಟಿನಿಂದ ನ್ಜಾಯ್ ಮನೆತನದವಳು. ಜೋಪರಿಗೂ ನ್ಜಾಯ್‌ಗಳಿಗೂ ತಲೆತಲಾಂತರದಿಂದ ಬಂದ ತಮಾಷೆಯ ನಂಟು. ಇವರು ಅವರನ್ನು ಹೊಟ್ಟೆಬಾಕರು ಎನ್ನಬಹುದು, ಅವರು ಇವರನ್ನು ಅದಕ್ಕಿಂತ ಜೋರಾಗಿ ಅನ್ನಬಹುದು. ಅನ್ನಿಸಿಕೊಂಡವರು ಸಿಟ್ಟಾಗುವಂತಿಲ್ಲ. ಸಿಟ್ಟಾದರೆ ಇಡೀ ಊರು ಅವರನ್ನೇ ನೋಡಿ ನಗುತ್ತದೆ. ಹಾಗಾಗಿ ಪೆಂದಾ ಹೊಸಿಲು ದಾಟುವ ಮೊದಲೇ ಅಜ್ಜಿ ಶುರು ಮಾಡಿದ್ದಳು.

"ಜೋಪ್ ಹುಡುಗಿ ಬಂದ್ಲು, ಅನ್ನದ ಪಾತ್ರೆ ಒಳಗಿಡ್ರೇ."

"ಇಡೋಕೆ ಅದರಲ್ಲಿ ಏನಾದ್ರೂ ಉಳಿಸಿದೀಯಾ ಅಜ್ಜಿ? ಮನೆ ತುಂಬಾ ನ್ಜಾಯ್‌ಗಳೇ ಇದೀರಲ್ಲ," ಎಂದಳು ಪೆಂದಾ.

ಅಜ್ಜಿ ಬಿದ್ದು ಬಿದ್ದು ನಕ್ಕಳು, ಗೋಡೆ ಸಿಕ್ಕಿತು. ಆ ನಗುವಿನಲ್ಲೇ ಪೆಂದಾಳಿಗೆ ಚಿತ್ರವೂ ಹೊಳೆಯಿತು. ಉಪಾಧ್ಯಕ್ಷ ನ್ಜಾಯ್, ತಾನು ಜೋಪ್. ಬೇರೆಯವರು ಬರೆದರೆ ಪೊಲೀಸರು ಬರಬಹುದು, ತಾನು ಬರೆದರೆ ಅವನು ಹಲ್ಲು ಕಿರಿಯಲೇಬೇಕು. ಹಿಂದೆ ಯಾರಿಗೂ ಸಿಗದ ಅನುಕೂಲ ತನಗೆ ಹುಟ್ಟಿನಿಂದಲೇ ಸಿಕ್ಕಿದೆ ಎಂದು ಅವಳು ಒಳಗೊಳಗೇ ಬೀಗಿದಳು.

ಕೇರಿಯವರು ಚಹಾ ಕಾಯಿಸಿ ತಂದುಕೊಟ್ಟರು, ಯಾರೋ ಏಣಿ ಹಿಡಿದರು, ಬಣ್ಣ ಸಾಲದೆಂದು ಯಾರೋ ಮನೆಯಲ್ಲಿ ಉಳಿದಿದ್ದ ಹಳೆಯ ಡಬ್ಬಿ ಹೊತ್ತು ತಂದರು. ಚಿತ್ರ ಎದ್ದು ನಿಂತಿತು. ಕೆಸರು ನೀರಿನ ನಡುವೆ ದೋಣಿಯಷ್ಟು ದೊಡ್ಡ ಬೋಗುಣಿ, ಅದರ ತುಂಬ ಮೀನಿನ ಅನ್ನ. ಅನ್ನದ ಮೇಲೆ ಗರಿಗರಿ ನಿಲುವಂಗಿ ತೊಟ್ಟ ಬಿರಾನ್, ಪಂಪನ್ನು ತಲೆದಿಂಬು ಮಾಡಿಕೊಂಡು ತುತ್ತಿನ ಮೇಲೆ ತುತ್ತು ಹಾಕುತ್ತಿದ್ದಾನೆ. ಸುತ್ತಲೂ ಹೆಂಗಸರು ಬೇಸಿನ್ನಿನಲ್ಲಿ ನೀರು ಮೊಗೆಯುತ್ತಿದ್ದಾರೆ. ಕೆಳಗೆ ದೊಡ್ಡ ಅಕ್ಷರ: ನ್ಜಾಯ್, ಅನ್ನ ಸಾಕು, ನೀರು ತೆಗಿ.

ಬಸ್ಸುಗಳು ನಿಧಾನ ಮಾಡತೊಡಗಿದವು. ಕಿಟಕಿಯಿಂದ ಜನ ಕೈ ತಟ್ಟಿ ನಕ್ಕರು.

ಮಾರನೆಯ ಬೆಳಿಗ್ಗೆ ಬಿರಾನ್ ತಾನೇ ಬಂದ. ಹಿಂದೆ ಸುಣ್ಣದ ಬಕೆಟ್ಟು ಹಿಡಿದ ಇಬ್ಬರು ಆಳುಗಳು. ಪೆಂದಾ ಹಲ್ಲು ಕಿರಿಯುತ್ತಲೇ ಎದುರು ಹೋಗಿ, ನ್ಜಾಯ್‌ಗಳು ಬೆಳಗಿನ ತಿಂಡಿಗೂ ಅನ್ನವನ್ನೇ ತಿನ್ನುತ್ತಾರೇನು ಎಂದು ಕೇಳಿದಳು. ಅವನು ನಗಲಿಲ್ಲ.

"ನನ್ನ ಹೆಸರು ಏನಂತ ತಿಳ್ಕೊಂಡಿದೀಯಮ್ಮ?"

"ಬಿರಾನ್ ನ್ಜಾಯ್. ಊರಿಗೇ ಗೊತ್ತು."

"ಅದು ನಮ್ಮಪ್ಪನ ಗೆಳೆಯನ ಹೆಸರು. ಅವರ ಮೇಲಿನ ಪ್ರೀತಿಗೆ ಹೆಸರು ಪೂರ್ತಿ ಇಟ್ಟುಬಿಟ್ರು, ಮನೆತನದ್ದೂ ಸೇರಿಸಿ. ನಾನು ಬಿರಾನ್ ನ್ಜಾಯ್ ಜೋಪ್. ನಿಮ್ಮಪ್ಪ ನನಗೆ ಅಣ್ಣನ ಸಮ ಆಗ್ಬೇಕು."

ಇಂಥ ಹೆಸರುಗಳು ಊರಲ್ಲಿ ಎಷ್ಟಿಲ್ಲ, ಒಂದು ಮಾತು ಯಾರನ್ನಾದರೂ ಕೇಳಬಹುದಿತ್ತು. ನ್ಜಾಯ್‌ಗೆ ಅಂದಿದ್ದರೆ ತಮಾಷೆ. ತನ್ನದೇ ಮನೆತನದ ಹಿರಿಯನಿಗೆ, ಚಿಕ್ಕಪ್ಪ ಎಂದು ಕರೆಯಬೇಕಾದವನಿಗೆ ಅಂದದ್ದು ಬೈಗುಳ, ಅದೂ ಹಾದಿಬೀದಿಯಲ್ಲಿ. ಏಣಿ ಹಿಡಿದಿದ್ದ ಜನವೇ ಈಗ ತಲೆ ತಗ್ಗಿಸಿದ್ದರು. ಗೋಡೆ ಬೆಳ್ಳಗಾಗುತ್ತದೆ, ಪಂಪು ಅಲ್ಲೇ ಉಳಿಯುತ್ತದೆ, ತಾನು ಮಾತ್ರ ಹಿರಿಯರನ್ನು ಬೈದವಳಾಗಿ ಕೇರಿಯಲ್ಲಿ ಉಳಿಯುತ್ತೇನೆ ಎಂದುಕೊಂಡಳು. ಕ್ಷಮೆ ಕೇಳಿದಳು. ಕೇಳಲೇಬೇಕಿತ್ತು. ಬಿರಾನ್ ತಲೆಯಾಡಿಸಿ, ಆಳುಗಳಿಗೆ ಗೋಡೆ ತೋರಿಸಿದ.

ಅಷ್ಟರಲ್ಲಿ ಕುರಾ ಅಜ್ಜಿ ಬಾಗಿಲಿಂದ ಹೊರಬಂದಳು, ಸೀದಾ ನೀರಿಗಿಳಿದು ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಗೋಡೆ ಯಾರದ್ದಪ್ಪಾ?"

"ನಿಮ್ಮದೇ ಅಜ್ಜಿ," ಎಂದ ಬಿರಾನ್.

"ನಾನು ಯಾರ ಮಗಳು?"

"ನ್ಜಾಯ್," ಎಂದ.

"ಹಾಗಾದ್ರೆ ಕೇಳೋ ಜೋಪ್. ಹೊಟ್ಟೆಬಾಕ ಅಂತ ನಿನ್ನನ್ನ ನಾನು ಅಂತಿದೀನಿ. ನನ್ನ ಗೋಡೆ, ನನ್ನ ಮಾತು. ಈ ಹುಡುಗಿ ಕೈ ಮಾತ್ರ ಎರವಲು ತಗೊಂಡೆ. ಸಿಟ್ಟು ಬಂತಾ?"

ಯಾರೋ ಕಿಸಕ್ಕೆಂದರು. ಬಸ್ಸೊಂದು ನಿಂತೇಬಿಟ್ಟಿತ್ತು, ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ ಉತ್ತರಕ್ಕೆ ಕಾದಿದ್ದ. ಬಿರಾನ್ ಸುಣ್ಣದ ಬಕೆಟ್ಟು ನೋಡಿದ, ಬಸ್ಸು ನೋಡಿದ, ಅಜ್ಜಿಯ ಮೊಣಕಾಲು ಮುಳುಗಿಸಿದ ನೀರನ್ನೂ ನೋಡಿದ. ಅವನ ಮೀಸೆಯಡಿ ಏನೋ ಸಡಿಲವಾಯಿತು. ನ್ಜಾಯ್‌ಗಳ ಅಡುಗೆಮನೆಗೆ ಹೋಲಿಸಿದರೆ ತಾನು ಉಪವಾಸಿ ಎಂದ. ಜನ ಹೋ ಎಂದು ನಕ್ಕರು. ಅವನೂ ನಕ್ಕ, ಈ ಸಲ ನಿಜವಾಗಿ.

ಆಮೇಲೆ ತನಗೂ ಉತ್ತರ ಕೊಡುವ ಹಕ್ಕಿದೆ, ಗೋಡೆಯ ಇನ್ನರ್ಧದಲ್ಲಿ ಅಜ್ಜಿಯ ಚಿತ್ರ ಬರಬೇಕು, ಬೋಗುಣಿ ಇದಕ್ಕಿಂತ ದೊಡ್ಡದಿರಬೇಕು ಎಂದು ಪಟ್ಟು ಹಿಡಿದ. ಪೆಂದಾ ತಲೆಯೆತ್ತಿದಳು.

"ಬರೀತೀನಿ ಚಿಕ್ಕಪ್ಪ. ಆದ್ರೆ ಆ ಕಡೆ ಗೋಡೆಗೆ ಏಣಿ ಇಡೋಕೆ ನೆಲ ಇಲ್ಲ. ಬರೀ ನೀರು."

ಬಿರಾನ್ ಆಳುಗಳನ್ನು ಕರೆದುಕೊಂಡು ಹೋದ. ಚಿತ್ರದ ಕೆಳಗಿದ್ದ ನ್ಜಾಯ್ ಎಂಬ ಅಕ್ಷರಗಳನ್ನು ಪೆಂದಾ ಅಳಿಸಿ ಜೋಪ್ ಎಂದು ಬರೆದಳು. ಕೆಳಗೆ ಕುರಾ ಅಜ್ಜಿ ತಾನೇ ಕುಂಚ ಹಿಡಿದು ಸೊಟ್ಟಸೊಟ್ಟಗೆ ರುಜು ಹಾಕಿದಳು.

ಸಂಜೆಯ ಪ್ರಾರ್ಥನೆಗೆ ಮೊದಲು ಟ್ರ್ಯಾಕ್ಟರು ಪಂಪನ್ನು ಎಳೆದು ತಂದಿತು. ಅದು ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಒಂದೇ ಸಮನೆ ನೀರೆಳೆಯತೊಡಗಿತು. ಇಡೀ ಕೇರಿ ಒಣಗಲು ಇದೊಂದೇ ಸಾಲದು, ಕಾಲುವೆಯೇ ಆಗಬೇಕು ಎಂದು ಗಂಡಸರು ಆಗಲೇ ವಾದಕ್ಕಿಳಿದಿದ್ದರು. ಕಾಲುವೆ ಕೇಳುವ ಚಿತ್ರಕ್ಕೆ ಯಾರ ಗೋಡೆ ಕೊಡುತ್ತೀರಿ ಎಂದು ಪೆಂದಾ ಕೇಳಿದಳು. ಮೂರ್ನಾಲ್ಕು ಮನೆಯವರು ಒಟ್ಟಿಗೇ ತಮ್ಮದು ತಮ್ಮದು ಎಂದರು.