ಪಕ್ಕದ ಗುಂಡಿ

"ಇನ್ನು ನಾಕೇ ಮೆಟ್ಲು ಕಣ್ರೀ. ಮಾತಾಡ್ಬೇಡಿ, ನಿಧಾನಕ್ಕೆ ಉಸ್ರು ಬಿಡಿ," ಎನ್ನುತ್ತ ಮಂಗಳಮ್ಮ ಗಂಡ ಪುಟ್ಟಬಸವಯ್ಯನ ರಟ್ಟೆ ಹಿಡಿದು ಇಳಿಸಿದಳು.

ಅದು ಈಜಿಪ್ಟಿನ ಯಾವನೋ ದೊರೆಯ ಸಮಾಧಿ. ಬೆಟ್ಟದ ಹೊಟ್ಟೆಯೊಳಕ್ಕೆ ಇಳಿಜಾರಾಗಿ ಕೊರೆದಿದ್ದರು. ಸಾವಿರಾರು ವರ್ಷದ ಬಣ್ಣ ಗೋಡೆಯ ಮೇಲೆ ನಿನ್ನೆ ಬಳಿದಂತಿತ್ತು. ಟೂರಿನವರೆಲ್ಲ ಫೋಟೊ ತೆಗೆಯುತ್ತಿದ್ದರೆ ಪುಟ್ಟಬಸವಯ್ಯ ಮಾತ್ರ ನಡುವೆ ದೊರೆಯ ಹೆಣವಿಟ್ಟಿದ್ದ ಕಲ್ಲಿನ ಪೆಟ್ಟಿಗೆಯ ಎದುರು ನಿಂತು, ಗಾಳಿಯಲ್ಲೇ ಗೇಣು ಹಾಕಿ ಅಳೆಯುತ್ತಿದ್ದ.

"ಇವ್ರು ಮಲಗಿಸ್ತಾರೆ, ಉದ್ದ ಬೇಕು. ನಮ್ಮಲ್ಲಿ ಗುಂಡೀಲಿ ಕೂರ್ಸೋದಲ್ವಾ, ಇಷ್ಟು ಬೇಡ," ಎಂದ.

ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಂಜನಗೂಡಿನ ಕಬ್ಬಿಣದ ಅಂಗಡಿ ಬಿಟ್ಟು ಎರಡು ದಿನ ಎಲ್ಲೂ ಇರದಿದ್ದ ಮನುಷ್ಯ ಇದ್ದಕ್ಕಿದ್ದಂತೆ ವಿಮಾನದ ಟಿಕೆಟ್ ತಂದಾಗಲೇ ಮಂಗಳಮ್ಮನಿಗೆ ಒಳಗೊಳಗೆ ಅಳುಕಿತ್ತು.

ಮೇಲೆ ಬಂದ ಮೇಲೆ ಅವನನ್ನು ನೆರಳಿನಲ್ಲಿ ಕೂರಿಸಿ ನೀರು ತರಲು ಹೋದಳು. ಬರುವಷ್ಟರಲ್ಲಿ ಅವನು ಫೋನಿನಲ್ಲಿದ್ದ. ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತು. ಆ ಕಡೆ ಊರಿನ ಹತ್ತಿರ ಹೆಮ್ಮರಗಾಲದಲ್ಲಿ ಅವರ ತೋಟ ನೋಡಿಕೊಳ್ಳುವ ಚಾಮಯ್ಯ.

"ನಿಮ್ದೂ ಅವ್ವಾರ್ದೂ ಎರಡೂ ತೋಡಾಯ್ತು ಬುದ್ಧಿ, ಅಕ್ಕಪಕ್ಕದಲ್ಲೇ. ಬೈಬೇಡಿ, ಒಂದ್ ಮಾತು. ಬದುಕಿರೋರ್ಗೆ ತೋಡಿದ್ ಗುಂಡಿ ಬರಿದಾಗಿ ಇರಾಕಿಲ್ಲ ಅಂತಾರೆ."

"ಏಳಿದ್ದು ಮಾಡ್ಲಾ," ಎಂದು ಪುಟ್ಟಬಸವಯ್ಯ ಫೋನಿಟ್ಟ. ಎದುರಿಗೆ ಹೆಂಡತಿ ನಿಂತಿದ್ದಳು.

ಅವನು ಮುಚ್ಚಿಡಲಿಲ್ಲ. "ಎದೆ ಆಪ್ರೇಷನ್ ಆಗಾಕಿಲ್ಲ ಅಂದ್ಬುಟ್ರು ಡಾಕ್ಟ್ರು. ವರ್ಷ ದಾಟಿದ್ರೆ ಪುಣ್ಯ ಅಂತೆ. ನಿಂಗೆ ಏಳಿದ್ರೆ ಈ ಟೂರು ಆಯ್ತಿತ್ತಾ?"

ತಂದ ನೀರಿನ ಬಾಟಲಿಯನ್ನು ಅವನ ಪಕ್ಕದಲ್ಲಿಟ್ಟಳು. ಕೇಳಿದಳು: "ನಂದೂ ಯಾಕ್ರೀ ತೋಡ್ಸಿದ್ರಿ?"

"ನನ್ ಬಿಟ್ಟು ನೀನಿನ್ನೆಲ್ಲಿಗೆ ಓಯ್ತೀಯ?"

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಕುಹಕವಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಟವಲು ಹಾಕಿ ಜಾಗ ಹಿಡಿದಿಟ್ಟವನ ನೆಮ್ಮದಿಯಿತ್ತು. ಅವಳಿಗೆ ಹೆದರಿಕೆಯಾದದ್ದು ಆ ನೆಮ್ಮದಿಗೆ.

ಅವನ ಕೈಯಿಂದ ಫೋನು ಕಸಿದು ಮತ್ತೆ ಹಚ್ಚಿದಳು. ಗಂಡನ ಮಾತಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

"ಚಾಮಯ್ಯ, ನಂದು ಮುಚ್ಬುಡು. ಈಗ್ಲೇ. ಮುಚ್ಚಿ ಫೋಟೊ ಕಳ್ಸು."

"ಅವ್ವಾ, ತೋಡಿದ್ ಮೇಲೆ ಬರೀ ಮಣ್ ಮುಚ್ಚೋದೂ ಒಳ್ಳೇದಲ್ಲ ಅಂತಾರೆ..."

"ಮುಚ್ಚು ಅಂದೆ."

ಹಿಂದಿರುಗಲು ನದಿ ದಾಟುವ ದೋಣಿ ಬಂತು. ಹತ್ತುವಾಗ ಪುಟ್ಟಬಸವಯ್ಯ ಅವಳು ಚಾಚಿದ ಕೈ ಹಿಡಿಯಲಿಲ್ಲ. ಕಂಬಿ ಹಿಡಿದು, ಏದುಸಿರು ಬಿಡುತ್ತ ಒಬ್ಬನೇ ಹತ್ತಿದ. ನೈಲ್ ನದಿ ಸದ್ದಿಲ್ಲದೆ ಹರಿಯುತ್ತಿತ್ತು. ಸಮಾಧಿಗಳ ಬೋಳು ಬೆಟ್ಟ ಹಿಂದೆ ಸರಿಯಿತು. ನಡುನೀರಿನಲ್ಲಿ ಅವಳ ಕೈಯಲ್ಲೇ ಇದ್ದ ಫೋನು ಸದ್ದು ಮಾಡಿತು.

ಫೋಟೊ ಬಂದಿತ್ತು. ಬಾಳೆಗಿಡಗಳ ಸಾಲಿನ ಕೊನೆಗೆ ಹೊಸ ಮಣ್ಣಿನ ದಿಬ್ಬ, ಅದಕ್ಕೆ ತಾಗಿದಂತೆ ಬಾಯಿ ತೆರೆದ ಇನ್ನೊಂದು ಗುಂಡಿ. ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

"ಮುಚ್ಚಿರೋದು ಯಾವ್ದು ರೀ?"

ಪುಟ್ಟಬಸವಯ್ಯ ಒಮ್ಮೆ ನೋಡಿ, ನೀರಿನ ಕಡೆ ತಿರುಗಿದ.

ತೆರೆದಿದ್ದ ಗುಂಡಿಯೂ ಬರಿದಾಗಿರಲಿಲ್ಲ; ಫೋಟೊ ತೆಗೆದ ಚಾಮಯ್ಯನ ನೆರಳು ಅದರೊಳಕ್ಕೆ ಸೊಂಟದವರೆಗೆ ಇಳಿದಿತ್ತು.