ಹಸಿರು ಮುಖದ ವಾಚು

ಅಂಗಿಯ ತೋಳು ಮತ್ತೆ ಒಂದಿಷ್ಟು ಮೇಲೆ ಸರಿಯಿತು, ಬೇಕಂತಲೇ ಸರಿಸಿಕೊಳ್ಳುತ್ತಾನೆ, ನೀರಿನ ಲೋಟ ಎತ್ತುವುದಕ್ಕೆ ಆನೆ ಎತ್ತುವವನ ಹಾಗೆ ತೋಳು ಮಡಚುತ್ತಾನೆ ನನ್ನ ಮೈದುನ, ಯಾಕೆಂದರೆ ಮಣಿಕಟ್ಟಿನಲ್ಲಿ ನನ್ನ ಗಂಡನ ವಾಚಿದೆ, ಹಸಿರು ಮುಖದ್ದು, ಚೌಕದ್ದು, ಸ್ಟೀಲ್ ಚೈನಿನದ್ದು — ಎತ್ತಪ್ಪಾ ಎತ್ತು, ಇನ್ನೂ ಮೇಲೆ ಎತ್ತು, ನಾಲ್ಕು ಜನ ನೋಡಲಿ, ಇವತ್ತು ನಿನ್ನ ಕೈ ಇಳಿಸುವವಳು ಈ ಮೂಲೆ ಕುರ್ಚಿಯಲ್ಲೇ ಕೂತಿದ್ದಾಳೆ. ಅವನ ಮನೆಯ ಹಾಲ್, ಅವನ ಸೋಫಾ, ಅದರ ತುಂಬ ಅವನ ವಾಚಿನ ಬಳಗ, ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಊಟಕ್ಕೆ ಸೇರಿ ಹಳೇ ವಾಚು ತೋರಿಸಿಕೊಂಡು ಆಹಾ ಓಹೋ ಅನ್ನುತ್ತಾರೆ, ಹೆತ್ತ ಕೂಸನ್ನೂ ಇಷ್ಟು ಮುದ್ದಾಗಿ ಯಾರೂ ಎತ್ತಿಕೊಂಡಿರಲಿಕ್ಕಿಲ್ಲ, ಇದಕ್ಕೆ ನಿಯೋ ವಿಂಟೇಜ್ ಅಂತಾರಂತೆ, ಹಳೇದು ಅನ್ನೋಕೆ ನಾಚಿಕೆ, ಹೊಸದು ಅನ್ನೋಕೆ ಧೈರ್ಯ ಇಲ್ಲ, ನನ್ನ ಹಾಗೇ. ಅವರು, ಟೈಲರಾಗಿದ್ದ ನಮ್ಮ ಮನೆಯವರು, ಯಾವ ಹೆಸರೂ ಇಡದೆ ಕೂಡಿಹಾಕಿದ್ದರು, ಹೊಲಿಗೆ ಮೆಷೀನಿನ ಡ್ರಾಯರಿನ ತುಂಬ, ಯಾರೂ ಕೇಳರಿಯದ ಕಂಪನಿಗಳದ್ದು, ಆ ಕಂಪನಿಗಳ ಹೆಸರು ಅವುಗಳ ಮಾಲೀಕರ ಹೆಂಡತಿಯರಿಗೂ ನೆನಪಿರಲಿಕ್ಕಿಲ್ಲ, ಆಗ ಇದೇ ಮೈದುನ ಮೆಷೀನಿನ ಪಕ್ಕ ನಿಂತು, ಅಣ್ಣಾ ಇದು ವಾಚಾ, ಬಿಸ್ಕತ್ತಿನ ಜೊತೆ ಪುಕ್ಕಟೆ ಕೊಟ್ಟದ್ದಾ, ಅನ್ನುತ್ತಿದ್ದ, ಅವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಿದ್ದರು, ದೊಡ್ಡ ಕಂಪನಿ ವಾಚು ಕಟ್ಟಿದ್ರೆ ಜನ ವಾಚು ನೋಡ್ತಾರೆ ಕಣೋ, ಇದನ್ನ ಕಟ್ಟಿದ್ರೆ ನಾನೊಬ್ಬನೇ ನೋಡ್ತೀನಿ, ನಂಗಷ್ಟು ಸಾಕು — ಆಮೇಲೆ ಆಸ್ಪತ್ರೆ. ನರ್ಸಮ್ಮ ಎಲ್ಲವನ್ನೂ ಬಿಚ್ಚಿ ಪೊಟ್ಟಣ ಕಟ್ಟಿ ಇವನ ಕೈಗೆ ಕೊಟ್ಟಳು, ಹಲ್ಲಿನ ಸೆಟ್ಟು ಮನೆಗೆ ಬಂತು, ಕನ್ನಡಕ ಬಂತು, ಅವರೂ ಬರಲಿಲ್ಲ, ವಾಚೂ ಬರಲಿಲ್ಲ, ಕೇಳಿದರೆ, ಅಣ್ಣ ಕೈಯಾರೆ ಕೊಟ್ಟ ಅತ್ತಿಗೆ, ನೀನೇ ಇಟ್ಕೋ ಅಂದ — ಅಂದನಂತೆ! ಗಂಟಲಿಗೆ ನಳಿಕೆ ಇಳಿಸಿದ ಮನುಷ್ಯ ಅಂದನಂತೆ! ನನ್ನ ಹತ್ತಿರ ನೀರು ಬೇಕು ಅನ್ನೋಕಾಗದೆ ಬೆರಳಾಡಿಸಿದವರು ಇವನಿಗೆ ಮಾತ್ರ ಭಾಷಣ ಮಾಡಿದರಂತೆ. ಆ ವಾಚಿನ ಅಂಚಿನಲ್ಲಿ ಕತ್ತರಿ ತಾಗಿದ ಗಾಯ ಇತ್ತು, ಕಣ್ಣು ಮುಚ್ಚಿ ಬೆರಳಾಡಿಸಿದರೂ ಸಿಗುತ್ತಿತ್ತು, ಅದನ್ನೂ ಉಜ್ಜಿಸಿ ಗಾಜು ಬದಲಿಸಿ ಕಟ್ಟಿಕೊಂಡು ಬಂದ, ಗುರುತು ಎಲ್ಲಿದೆ ತೋರಿಸಿ ಅತ್ತಿಗೆ, ಅಂತ ಮುಖಕ್ಕೆ ಹಿಡಿದ. ಈಗ ಬಳಗದ ಮುಂದೆ ಹೇಳುವುದು, ಇಡೀ ಪ್ರಪಂಚದಲ್ಲಿ ಇಂಥದ್ದು ಉಳಿದಿರೋದು ಇದೊಂದೇ. ಒಂದೇನಾ, ನೋಡೋಣ ಅಂದುಕೊಂಡೆ ನಾನು. ಮೊಮ್ಮಗಳು ಫೋನಿನಲ್ಲಿ ಹುಡುಕಿದಳು, ಅಜ್ಜೀ, ಬೇಕಾದಷ್ಟಿದೆ, ಯಾರಿಗೂ ಬೇಡದೆ ಬಿದ್ದಿದೆ, ಅಂದಳು, ತರಿಸು ಅಂದೆ, ಲೋಕದ ಸಂತೆಗಳನ್ನೆಲ್ಲ ಗುಡಿಸಿ ತರಿಸಿದ್ದಾಯಿತು, ಪೋಸ್ಟಿನವನ ಬೆನ್ನು ಬಿಲ್ಲಿನಂತೆ ಬಾಗಿಹೋಯಿತು, ಎಲ್ಲವನ್ನೂ ಹೊತ್ತು ಅದೇ ರಿಪೇರಿಯವನ ಹತ್ತಿರ ಹೋದೆ, ಮೈದುನನ ವಾಚು ಉಜ್ಜಿದವನ ಹತ್ತಿರವೇ, ಸಾಹೇಬ್ರದ್ದನ್ನ ಹೇಗೆ ಮಾಡಿದೆಯೋ ಹಾಗೇ ಮಾಡು, ಕೂದಲೆಳೆಯಷ್ಟೂ ಬೇರೆ ಕಾಣಬಾರದು, ಅಂದೆ, ಯಾಕಜ್ಜೀ ಒಂದೇ ಥರದ್ದು ಇಷ್ಟೊಂದು, ಅಂದ, ರಾವಣನ ಹುಟ್ಟಿದಹಬ್ಬ ಕಣಪ್ಪಾ, ಅಷ್ಟೂ ಕೈಗೆ ಬೇಕಲ್ಲ, ಅಂದೆ.

ಬಂತು, ಬಂತು, ನೀರು ಬಡಿಸುವವನ ಕೈ ಬಂತು, ಜಗ್ಗು ಬಾಗಿದ ಹಾಗೆ ತೋಳು ಸರಿದು ಹಸಿರು ಮಿಂಚಿತು, ಬಳಗದಲ್ಲೊಬ್ಬರಾದ ಡಾಕ್ಟರರ ಬಾಯಿ ಹಾಗೇ ತೆರೆದಿದೆ, ಏನ್ರೀ ಸಾಹೇಬ್ರೇ, ನಿಮ್ಮ ಒಂದೇ ಒಂದು ವಾಚು ನನಗೆ ನೀರು ಬಡಿಸ್ತಾ ಇದೆಯಲ್ರೀ, ಅಷ್ಟರಲ್ಲಿ ಎಲೆ ಎತ್ತುವವಳ ಕೈ, ಹಸಿರು, ಕಾರಿನ ಡ್ರೈವರು ಬೀಗದಕೈ ಕೇಳಲು ಬಂದ, ಹಸಿರು, ತೋಟದವನು ಸುಮ್ಮನೆ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ, ನಾನು ಹೇಳಿಕೊಟ್ಟ ಹಾಗೇ, ಹಸಿರು, ನಕ್ಕರು ನೋಡು, ಹೆಂಚು ಹಾರಿಹೋಗುವ ಹಾಗೆ ನಕ್ಕರು, ಮೈದುನನ ತೋಳು ಇಳಿಯಿತು, ಅದರ ಗುಂಡಿಯನ್ನೂ ಹಾಕಿಕೊಂಡ, ಆಹಾ, ಹಾಲು ಕುಡಿದಷ್ಟು ತಂಪು ನನ್ನ ಹೊಟ್ಟೆಗೆ. ಊಟವಾದ ಮೇಲೆ ಎಲ್ಲರ ವಾಚನ್ನೂ ಬಿಚ್ಚಿ ಒಂದೇ ತಟ್ಟೆಯಲ್ಲಿ ಗುಡ್ಡೆ ಹಾಕಿ ಫೋಟೊ ತೆಗೆಯುವುದು ಇವರ ಪದ್ಧತಿ, ಡಾಕ್ಟರು ಕೂಗುತ್ತಾರೆ, ಇವತ್ತು ಬಡಿಸಿದವರದ್ದೂ ಬರಲಿ, ಹಸಿರಿನದ್ದೇ ಒಂದು ಫೋಟೊ ಆಗ್ಲಿ, ಜಲ್ಲಿ ಸುರಿದ ಹಾಗೆ ಸುರಿದರು — ಈಗ, ಈಗಲೇ ಅಂತ ಎದ್ದೆ, ಮಂಡಿ ನೋವು ಎಲ್ಲಿ ಹೋಯಿತೋ, ಅವನ ಮುಂದೆ ಅಂಗೈ ಚಾಚಿದೆ, ನಿಮ್ಮಣ್ಣನ ಗಂಟಲಲ್ಲಿ ನಳಿಕೆ ಇದ್ದಾಗ ತಗೊಂಡದ್ದು, ಕೊಡಪ್ಪಾ, ನಿನ್ನ ಕೈಯಲ್ಲಿ ಇನ್ನು ಅದಕ್ಕೆ ಮರ್ಯಾದೆ ಇಲ್ಲ. ಡಾಕ್ಟರು ಅವನನ್ನೇ ನೋಡುತ್ತಿದ್ದಾರೆ. ಕಿವಿಯವರೆಗೆ ಕೆಂಪಾದ, ಚೈನು ಬಿಚ್ಚಿದ, ಬಿಚ್ಚಿದ ಕಣ್ರೀ, ಬಿಚ್ಚಿಯೇ ಬಿಟ್ಟ ನಿಮ್ಮ ತಮ್ಮ — ನನ್ನ ಅಂಗೈಗೆ ಇಡಲಿಲ್ಲ. ತಟ್ಟೆಗೆ ಎಸೆದ. ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಕಲ್ಲು ಆರಿಸಲು ಮೊರ ಆಡಿಸುವ ಹಾಗೆ ಗರಗರ ಆಡಿಸಿದ, ತಗೊಳ್ಳಿ ಅತ್ತಿಗೆ, ನಿಮ್ಮದು ಯಾವುದೋ ಆರಿಸ್ಕೊಳ್ಳಿ. ಅಯ್ಯೋ ಅದೇನು ಮಹಾ, ಐವತ್ತು ವರ್ಷ ನಾನು ಹಿಡಿದ ಕೈಯದ್ದು, ನನಗೆ ಗೊತ್ತಾಗಲ್ವಾ, ಬಗ್ಗಿದೆ, ಒಂದನ್ನೆತ್ತಿ ಅಂಚು ಸವರಿದೆ, ನುಣುಪು, ಇನ್ನೊಂದು, ನುಣುಪು, ಕೂದಲೆಳೆಯಷ್ಟೂ ಬೇರೆ ಕಾಣಬಾರದು ಅಂದಿದ್ದೆನಲ್ಲ, ರಿಪೇರಿಯವನು ಮಾತು ಉಳಿಸಿಕೊಂಡಿದ್ದಾನೆ, ಮೂಸಿದೆ, ನಮ್ಮ ಮನೆಯವರ ಬೆವರು, ಸೀಮೆಸುಣ್ಣ, ಏನಾದರೂ — ಪಾಲಿಶಿನ ಎಣ್ಣೆ, ಇದರಲ್ಲೂ ಎಣ್ಣೆ, ಇದಾ, ಇದಲ್ಲ, ಇದು ಈಗತಾನೆ ಬಿಚ್ಚಿದ್ದು ಬೆಚ್ಚಗಿದೆ — ಇದೂ ಬೆಚ್ಚಗಿದೆ, ಎಲ್ಲರೂ ಈಗತಾನೆ ಬಿಚ್ಚಿದ್ದು, ಇದಾ, ಹಸಿರು ಮುಖ, ಅದರ ಕೆಳಗೆ ಹಸಿರು ಮುಖ, ಅದನ್ನು ಸರಿಸಿದರೆ ಹಸಿರು ಮುಖ,